ಒಂದು ಗೆರೆ ಕಡಿಮೆ

ನನ್ನ ಭಾವ, ಅಂದರೆ ಅಕ್ಕನ ಗಂಡ, ನೇಯ್ಗೆ ಗಿರಣಿಯಲ್ಲಿ ಗಾಳಿಯ ತೇವ ಅಳೆಯುತ್ತಿದ್ದ. ಅಕ್ಕನೂ ನಾನೂ ಅಲ್ಲೇ ಮಗ್ಗ ನಡೆಸುತ್ತಿದ್ದೆವು. ಗಾಳಿ ಒಣಗಿದರೆ ನೂಲು ತುಂಡಾಗುತ್ತದೆಂದು ಛಾವಣಿಯ ಕೊಳವೆಗಳಿಂದ ದಿನವಿಡೀ ನೀರಿನ ತುಂತುರು ಬಿಡುತ್ತಿದ್ದರು. ನೂಲಿಗಿದ್ದ ಮರ್ಯಾದೆ ನಮಗಿರಲಿಲ್ಲ.

ಭಾವನ ಕೈಯಲ್ಲಿ ಮಕ್ಕಳ ಗಿರಕಿಯಂಥ ಒಂದು ಸಾಧನ, ಅದರಲ್ಲಿ ಎರಡು ಥರ್ಮಾಮೀಟರು. ಒಂದರ ಬುಡಕ್ಕೆ ಒದ್ದೆ ಬಟ್ಟೆ. ತಿರುಗಿಸಿದರೆ ಬಟ್ಟೆಯ ನೀರು ಆರಿ ಅದರ ಅಂಕಿ ಇಳಿಯುತ್ತದೆ. ಗಾಳಿಯಲ್ಲಿ ಮೊದಲೇ ತೇವ ತುಂಬಿದ್ದರೆ ನೀರು ಆರುವುದಿಲ್ಲ, ಅಂಕಿ ಇಳಿಯುವುದೂ ಇಲ್ಲ. ಒದ್ದೆಯದು ಮೂವತ್ತು ಡಿಗ್ರಿ ಮುಟ್ಟಿತೆಂದರೆ ಮೈಯ ಬೆವರೂ ಸರಿಯಾಗಿ ಆರದು. ಅರ್ಧ ಗಂಟೆ ಮಗ್ಗ ನಿಲ್ಲಿಸಿ ಎಲ್ಲರನ್ನೂ ಹೊರಗೆ ಬಿಡಬೇಕು. ನಿಲ್ಲಿಸುವ ಅಧಿಕಾರ ಭಾವನದು. ಅಷ್ಟಕ್ಕೇ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಕಳ್ಳನಲ್ಲ, ಅದನ್ನು ಒಪ್ಪುತ್ತೇನೆ. ಸುಳ್ಳು ಅಂಕಿ ಬರೆ ಎಂದಿದ್ದರೆ ಮ್ಯಾನೇಜರನ ಮುಖಕ್ಕೇ ಪುಸ್ತಕ ಎಸೆಯುತ್ತಿದ್ದ. ಮ್ಯಾನೇಜರ್ ಹಾಗೆ ಹೇಳಲೇ ಇಲ್ಲ. ಆ ಬೇಸಿಗೆಯ ಶುರುವಿನಲ್ಲಿ, "ನಿಮ್ಮಂಥವರು ನಲ್ಲಿ ನೀರು ಕುಡಿಯೋದಾ?" ಎಂದು ತನ್ನ ಫ್ರಿಜ್ಜಿನಿಂದ ತಣ್ಣೀರಿನ ಬಾಟಲಿ ಕೊಡತೊಡಗಿದ. ಬೇಕೆಂದೇ ಕೊಟ್ಟನೋ ಇಲ್ಲವೋ, ದೇವರೇ ಬಲ್ಲ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಭಾವ ನಮ್ಮ ಕಣ್ಣೆದುರೇ ಅರ್ಧ ಕುಡಿದು, ಉಳಿದ ನೀರಲ್ಲಿ ಗಿರಕಿಯ ಬಟ್ಟೆ ಅದ್ದುತ್ತಿದ್ದ. ಎರಡು ನಿಮಿಷ ತಿರುಗಿಸಬೇಕಾದ್ದನ್ನು ಹತ್ತೇ ಸುತ್ತಿಗೆ ನಿಲ್ಲಿಸುವುದು ಅವನ ಹಳೇ ಚಾಳಿ. ಕೈ ಪಳಗಿದೆ ಎನ್ನುತ್ತಿದ್ದ. ಆ ಬೇಸಿಗೆಯಲ್ಲಿ ಮಗ್ಗ ಒಮ್ಮೆಯೂ ನಿಲ್ಲಲಿಲ್ಲ.

ಒಂದು ಮಧ್ಯಾಹ್ನ ಅಕ್ಕ ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ ಅವನ ಹತ್ತಿರ ಹೋದಳು.

"ರೀ, ಉಸಿರು ಸಿಗ್ತಿಲ್ಲ. ಅರ್ಧ ಗಂಟೆ ನಿಲ್ಸ್ರೀ."

ಅವನು ಹತ್ತು ಸುತ್ತು ತಿರುಗಿಸಿದ. "ಇಪ್ಪತ್ತೊಂಬತ್ತು. ಒಂದು ಗೆರೆ ಕಡಿಮೆ. ಹೆಂಡ್ತಿ ಅಂತ ನಿಲ್ಲಿಸಿದ್ರೆ ನಾಳೆ ಎಲ್ಲರೂ ಬರ್ತಾರೆ."

"ಇನ್ನೊಂದ್ಸಲ ನೋಡ್ರೀ."

"ಥರ್ಮಾಮೀಟರಿಗೆ ನಿನ್ನಷ್ಟು ನಾಟಕ ಬರಲ್ಲ."

ಅಕ್ಕಪಕ್ಕದವರು ನಕ್ಕರು. ನಾನೂ ನಕ್ಕೆ. ಅಕ್ಕ ಮಗ್ಗಕ್ಕೆ ಮರಳಿದಳು. ಮುಕ್ಕಾಲು ಗಂಟೆಯಲ್ಲಿ ಕುಸಿದು ಬಿದ್ದಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸೆಕೆ ತಾಳದೆ ಹೃದಯ ನಿಂತಿತು ಎಂದರು. ಭಾವ ಅತ್ತ. ಅಳುತ್ತಲೇ ಬಂದವರಿಗೆಲ್ಲ, "ಅಳತೆ ಸರಿಯಾಗೇ ಇತ್ತು, ಇಪ್ಪತ್ತೊಂಬತ್ತು," ಎಂದ.

ತಿಂಗಳಾಗುವುದರೊಳಗೆ ಮ್ಯಾನೇಜರನ ಫ್ರಿಜ್ಜು ಕೆಟ್ಟಿತು. ಭಾವ ನಲ್ಲಿ ನೀರಲ್ಲಿ ಬಟ್ಟೆ ಅದ್ದಿ ತಿರುಗಿಸಿದ. ಮೂವತ್ತೊಂದು. ಮತ್ತೆ ತಿರುಗಿಸಿದ, ಪೂರಾ ಎರಡು ನಿಮಿಷ. ಮೂವತ್ತೊಂದೇ. ಖಾಲಿ ಬಾಟಲಿಯನ್ನು ನೋಡುತ್ತ ನಿಂತ. ಹತ್ತು ಸುತ್ತಿಗೆ ತಣ್ಣೀರಿನ ತಂಪು ಬಿಡುವುದಿಲ್ಲ. ಬೇಸಿಗೆಯಿಡೀ ಅವನು ಫ್ರಿಜ್ಜಿನ ನೀರನ್ನು ಅಳೆದಿದ್ದ. ಕೈಯೆತ್ತಿದ, ಮಗ್ಗಗಳು ನಿಂತವು. ಅರ್ಧ ಗಂಟೆ ನಾವು ಹೊರಗೆ ಗೋಡೆಯ ನೆರಳಿನಲ್ಲಿ ಕುಳಿತೆವು. ಅಕ್ಕ ಕೇಳಿದ್ದು ಇಷ್ಟೇ.

ಭಾವ ಪಕ್ಕಕ್ಕೆ ಬಂದು ಕೂತ. "ಆವತ್ತು ಇಷ್ಟಿರಲಿಲ್ಲ, ಅಲ್ವಾ? ನೀನು ಹತ್ತಿರವೇ ಇದ್ದೆಯಲ್ಲ, ಹೇಳು."

ಇರಲಿಲ್ಲ ಎಂದಿದ್ದರೆ ಬದುಕಿಕೊಳ್ಳುತ್ತಿದ್ದ. ಆದರೆ ನಾನೂ ನಕ್ಕಿದ್ದೆ. ಆ ಭಾರವನ್ನೂ ಇವನೇ ಹೊರಲಿ ಅನ್ನಿಸಿತು.

"ನೀವು ಗಾಡಿ ತರೋಕೆ ಓಡಿದಾಗ ಗಿರಕಿ ಅಲ್ಲೇ ಬಿದ್ದಿತ್ತು ಭಾವ. ನಲ್ಲಿ ನೀರು ಹಾಕಿ ನಾನೇ ತಿರುಗಿಸಿ ನೋಡ್ದೆ. ಮೂವತ್ತೆರಡೂವರೆ."

ನಾನು ಅದನ್ನು ಮುಟ್ಟಿಯೂ ಇರಲಿಲ್ಲ. ಅಂಕಿಯ ಮನುಷ್ಯ, ಅರ್ಧ ಸೇರಿಸಿದರೆ ನಂಬುತ್ತಾನೆಂದು ಸೇರಿಸಿದೆ. ನಂಬಿದ. ಪುಸ್ತಕದಲ್ಲಿ ಆ ದಿನದ ಪುಟ ಹುಡುಕಿ, ಇಪ್ಪತ್ತೊಂಬತ್ತನ್ನು ಹೊಡೆದುಹಾಕಿ, ಮೇಲೆ ಮೂವತ್ತೆರಡೂವರೆ ಎಂದು ಬರೆದು ಸಹಿ ಹಾಕಿದ.