ಒಂದೇ ಬದಿಯಲ್ಲಿ ಅಗಿಯುವ ಮಕ್ಕಳು

ಸಂಭಾಜಿನಗರದ ಪೈಠಣ ರಸ್ತೆಯ ಬದಿಯ ಪ್ರಾಥಮಿಕ ಶಾಲೆಯಲ್ಲಿ ಮಧ್ಯಾಹ್ನದ ಅಡುಗೆ ಮಾಡುವ ಜಗದೇವಿಗೆ ನೂರೆಂಬತ್ತು ಮಕ್ಕಳೆಲ್ಲರ ಹೆಸರೂ ಬಾಯಿಗೆ ಬರುತ್ತಿರಲಿಲ್ಲ. ಆದರೆ ಯಾರು ಹೇಗೆ ಉಣ್ಣುತ್ತಾರೆ ಎಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು. ಖಿಚಡಿ ಬಡಿಸುತ್ತ ಸಾಲಿನ ತುದಿಗೆ ಹೋಗಿ ತಿರುಗಿ ಬರುವಷ್ಟರಲ್ಲಿ ಅವಳ ಕಣ್ಣು ಎಲ್ಲವನ್ನೂ ನೋಡಿರುತ್ತಿತ್ತು. ಮಡಕಿ ಕಾಳಿನ ಉಸಳಿ ಇದ್ದ ದಿನ ಕಾಳನ್ನೆಲ್ಲ ತಟ್ಟೆಯ ಅಂಚಿಗೆ ಸರಿಸಿ ಬರೀ ರಸ ಕುಡಿಯುವವರು ಕೆಲವರು. ಶೇಂಗಾ ಚಿಕ್ಕಿ ಕೊಟ್ಟರೆ ಕಡಿಯದೆ ಕೆನ್ನೆಯಲ್ಲಿಟ್ಟು ಕರಗಿಸುವವರು ಇನ್ನು ಕೆಲವರು. ಕತ್ತನ್ನು ಒಂದು ಕಡೆ ವಾಲಿಸಿಕೊಂಡು ಎಡದವಡೆಯಲ್ಲೇ ಅಗಿಯುವವರೂ ಇದ್ದರು.

ಅವಳ ಊರು ಆಳಂದದ ಹತ್ತಿರ. ಮದುವೆಯಾದ ಮರುವರ್ಷವೇ ಗಂಡ ಶ್ರೀಮಂತನೊಂದಿಗೆ ನಾಸಿಕಕ್ಕೆ ಬಂದವಳು. ಪಂಚವಟಿಯಲ್ಲಿ ಯಾತ್ರಿಗಳಿಗಾಗಿ ಕಟ್ಟುತ್ತಿದ್ದ ವಸತಿಗೃಹಗಳಿಗೆ ಒಂಬತ್ತು ವರ್ಷ ಸಿಮೆಂಟು ಹೊತ್ತಳು. ಮರಾಠಿ ಕಲಿತದ್ದೂ ಅಲ್ಲಿಯೇ, ಗೋದಾವರಿ ದಂಡೆಯ ಕಾಯಿಪಲ್ಯೆ ಮಾರುವವರೊಂದಿಗೆ ಚೌಕಾಸಿ ಮಾಡುತ್ತ. ಆಮೇಲೆ ಸೊಂಟ ಸೋತಿತು. ಗಂಡನಿಗೆ ಸಂಭಾಜಿನಗರದಲ್ಲಿ ದೊಡ್ಡ ಕಟ್ಟಡದ ಕೆಲಸ ಸಿಕ್ಕಿತು, ಅವಳಿಗೆ ಈ ಶಾಲೆಯ ಒಲೆ ಸಿಕ್ಕಿತು. ಶಾಲೆಯ ಅರ್ಧಕ್ಕರ್ಧ ಮಕ್ಕಳು ಅದೇ ಕಟ್ಟಡದ ಕೂಲಿಕಾರರವರು. ಕಲಬುರಗಿ, ಯಾದಗಿರಿ ಕಡೆಯಿಂದ ಬಂದ ಅವರೆಲ್ಲ ಅವಳನ್ನು ಜಗದೇವಕ್ಕ ಎನ್ನುತ್ತಿದ್ದರು.

ಜನವರಿಯ ಒಂದು ಗುರುವಾರ ಬೆಳಿಗ್ಗೆ ಶಾಲೆಯ ಅಂಗಳಕ್ಕೆ ಬಿಳಿಯ ವ್ಯಾನೊಂದು ಬಂದು ನಿಂತಿತು. ಶಹರದ ದಂತ ವೈದ್ಯಕೀಯ ಕಾಲೇಜಿನಿಂದ ನಾಲ್ವರು ಬಂದಿದ್ದರು. ಅವರ ಮುಂದಾಳು ಡಾಕ್ಟರ್ ಮೃಣಾಲಿನಿ. ಮೂವತ್ತು ದಾಟಿರದ ಚುರುಕು ಹೆಂಗಸು, ಮಾತೆಲ್ಲ ಮರಾಠಿ. ಮಧ್ಯಾಹ್ನ ಮೂರರೊಳಗೆ ಎಲ್ಲ ಮಕ್ಕಳ ಬಾಯಿ ನೋಡಬೇಕು, ತುರ್ತಾಗಿ ಚಿಕಿತ್ಸೆ ಬೇಕಾದ ಇಪ್ಪತ್ತು ಮಕ್ಕಳನ್ನು ಆರಿಸಿ ಸೋಮವಾರ ಕಾಲೇಜಿಗೆ ಕರೆಸಿಕೊಳ್ಳಬೇಕು ಎಂಬುದು ಅವರ ಲೆಕ್ಕಾಚಾರ.

ಅದು ಮೊದಲ ಅರ್ಧ ಗಂಟೆಯಲ್ಲೇ ಕೆಟ್ಟಿತು. ವ್ಯಾನಿನಲ್ಲಿ ದೊಡ್ಡ ಸೂಜಿ ಇದೆಯಂತೆ ಎಂದು ಯಾರೋ ಸುದ್ದಿ ಹಬ್ಬಿಸಿದ್ದರು. ಮಕ್ಕಳು ತುಟಿ ಬಿಗಿಹಿಡಿದು ನಿಂತರು. ಕೇಳಿದರೆ ಎಲ್ಲರೂ ‘ಕಾಹೀ ದುಖತ ನಾಹೀ’, ಏನೂ ನೋಯುವುದಿಲ್ಲ, ಎಂದು ಒಂದೇ ಪಾಠ ಒಪ್ಪಿಸಿದರು. ಊರಿನಿಂದ ಹೊಸದಾಗಿ ಬಂದ ಮಕ್ಕಳಿಗಂತೂ ಡಾಕ್ಟರು ಕೇಳಿದ್ದೇ ತಿಳಿಯಲಿಲ್ಲ.

ಅಡುಗೆಮನೆಯ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ಜಗದೇವಿಗೆ ತಡೆಯಲಾಗಲಿಲ್ಲ. ಎದ್ದು ಸೆರಗಿಗೆ ಕೈ ಒರೆಸಿಕೊಂಡು ಬಂದಳು.

“ಮೇಡಮ್ಮಾರೆ, ಆ ಕೆಂಪು ರಿಬ್ಬನ್ನಿನ ಹುಡುಗಿ ಎಡಕ್ಕಷ್ಟೇ ಅಗೀತದ. ಬಲಗಡಿ ನೋಡ್ರಿ,” ಎಂದಳು. ಅವಳ ಮರಾಠಿಯಲ್ಲೂ ಆಳಂದದ ಎಳೆತವಿತ್ತು.

ಮೃಣಾಲಿನಿ ಒಮ್ಮೆ ಅವಳನ್ನು ನೋಡಿ, ನಕ್ಕು, ಹುಡುಗಿಯನ್ನು ಕರೆದಳು. ಜಗದೇವಿ ಕನ್ನಡದಲ್ಲಿ, “ಬಾಯಿ ತೆಗಿ ನನ್ನವ್ವ, ಬರೇ ಕನ್ನಡಿ ಅದು,” ಎಂದು ಗಲ್ಲ ಹಿಡಿದಳು. ಬಾಯಿ ತೆರೆಯಿತು. ಬಲಗಡೆ ಕೆಳದವಡೆಯ ಎರಡು ಹಲ್ಲುಗಳಲ್ಲಿ ಕಪ್ಪು ಕುಳಿ.

“ಇನ್ಯಾರಿದ್ದಾರೆ?” ಡಾಕ್ಟರ ದನಿಯಲ್ಲಿ ನಗು ಇರಲಿಲ್ಲ.

ಜಗದೇವಿ ಬೆರಳು ತೋರಿಸಿದಳು. ಮೂರನೆಯ ಸಾಲಿನ ಗಿಡ್ಡ ಹುಡುಗ, ತಣ್ಣೀರು ಕುಡಿದರೆ ಕಣ್ಣು ಮುಚ್ಚುತ್ತಾನೆ. ಅವನ ಹಿಂದಿನವನು ಚಿಕ್ಕಿಯನ್ನು ತಂಗಿಗೆ ಕೊಟ್ಟುಬಿಡುತ್ತಾನೆ. ಕಂಬದ ಹತ್ತಿರದವಳು ಜೋಳದ ಭಾಕರಿಯನ್ನು ಸಾರಿನಲ್ಲಿ ನೆನೆಸದೆ ತಿನ್ನುವುದಿಲ್ಲ. ಡಾಕ್ಟರು ಒಬ್ಬೊಬ್ಬರನ್ನೇ ಕೂರಿಸಿ ಬ್ಯಾಟರಿ ಹಿಡಿದರು. ನಾಲ್ಕು, ಏಳು, ಹನ್ನೊಂದು. ಒಂದೂ ತಪ್ಪಲಿಲ್ಲ. ವಿದ್ಯಾರ್ಥಿ ಡಾಕ್ಟರುಗಳು ಕೆಲಸ ಬಿಟ್ಟು ಸುತ್ತ ನಿಂತರು. ಮುಖ್ಯೋಪಾಧ್ಯಾಯಿನಿ ಪ್ರಿಯಂವದಾಬಾಯಿ ತಾವೇ ಕುರ್ಚಿ ತಂದು ಜಗದೇವಿಯನ್ನು ಡಾಕ್ಟರ ಪಕ್ಕ ಕೂರಿಸಿದರು. ಐದು ವರ್ಷದಲ್ಲಿ ಆ ಶಾಲೆಯಲ್ಲಿ ಅವಳು ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು. ಅಂದಿನ ಖಿಚಡಿಯನ್ನು ಟೀಚರು ಹರ್ಷಿಣಿಯೇ ಕಲಕಬೇಕಾಯಿತು.

ಎರಡೂವರೆಯ ಹೊತ್ತಿಗೆ ಹತ್ತೊಂಬತ್ತು ಹೆಸರು ಬರೆದಾಗಿತ್ತು. “ಇನ್ನೊಂದು,” ಎಂದಳು ಮೃಣಾಲಿನಿ.

ಆಗಲೇ ಜಗದೇವಿಗೆ ನೆನಪಾದದ್ದು. ಎರಡನೆಯ ತರಗತಿಯ ರುಚಿತಾ. ಸೋಮವಾರ ಅವಳು ಖಿಚಡಿಯ ಮೇಲಿನ ನೀರಷ್ಟೇ ಕುಡಿದಿದ್ದಳು. ಮಂಗಳವಾರ ಅದನ್ನೂ ಮುಟ್ಟಿರಲಿಲ್ಲ, ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ನಿನ್ನೆಯೂ ಇವತ್ತೂ ಶಾಲೆಗೇ ಬಂದಿಲ್ಲ.

“ಮೇಡಮ್ಮಾರೆ, ಗಾಡಿ ನಿಲ್ಲಸ್ರಿ. ಒಂದ ಕೂಸಿನ್ನ ತರ್ತೀನಿ.”

“ಮೂರಕ್ಕೆ ಹೊರಡಬೇಕು ಜಗದೇವಿಬಾಯಿ.”

“ಮೂರರೊಳಗ ಬರ್ತೀನಿ.”

ಸೋತ ಸೊಂಟದ ಹೆಂಗಸು ಅಂದು ಓಡಿದಳು. ಕಾಂಕ್ರೀಟಿನ ಲಾರಿಗಳ ನಡುವೆ ಕೈ ಅಡ್ಡ ಹಿಡಿದು ಪೈಠಣ ರಸ್ತೆ ದಾಟಿ, ಕಬ್ಬಿಣದ ಸರಳುಗಳ ರಾಶಿ ಸುತ್ತಿಕೊಂಡು ತಗಡಿನ ಶೆಡ್ಡುಗಳ ಸಾಲಿಗೆ ಬಂದಳು. ಕೊನೆಯ ಶೆಡ್ಡಿನಲ್ಲಿ ಅಜ್ಜಿ ಗುಂಡವ್ವ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಹುಡುಗಿಯ ಬಲಗೆನ್ನೆ ಬಾತು ಕಣ್ಣಿನ ಕೆಳಗಿನವರೆಗೂ ಏರಿತ್ತು, ದವಡೆಯ ಕೆಳಗೂ ಊದಿತ್ತು. ಮೈ ಕೆಂಡದಂತೆ ಸುಡುತ್ತಿತ್ತು.

“ಲವಂಗ ಇಟ್ಟೀನಿ, ತಂಬಾಕ ತಿಕ್ಕೀನಿ,” ಎಂದಳು ಗುಂಡವ್ವ. “ಹಾಲಹಲ್ಲ ಅದು, ತಾನ ಬೀಳ್ತದ ಬಿಡು.”

“ಯವ್ವಾ, ಬೀಳೂತನ ಈ ಕೂಸು ತಡೀಬೇಕಲ್ಲ. ಡಾಕ್ಟರ್ ಬಂದಾರ ಸಾಲೀಗೆ. ನಡೀ.”

“ಹಲ್ಲ ಕಿತ್ರ ಕಣ್ಣ ಹೋಗ್ತಾವ. ನಮ್ಮ ಓಣ್ಯಾಗ ಒಬ್ಬಾಕೀಗಿ ಹಂಗ ಆಗ್ಯದ. ನಾ ಕಳಸಂಗಿಲ್ಲ.”

ಜಗದೇವಿ ಅಜ್ಜಿಯ ಎದುರು ಕುಕ್ಕುರುಗಾಲಿನಲ್ಲಿ ಕೂತು ತನ್ನ ಬಾಯನ್ನೇ ಅಗಲಿಸಿ ತೋರಿಸಿದಳು. ಎರಡೂ ಕಡೆ ದವಡೆ ಹಲ್ಲುಗಳು ಇರಲಿಲ್ಲ.

“ನಾಕ ಹಲ್ಲ ಕೀಳಿಸೀನಿ ನೋಡು. ಈಗೂ ಸೂಜಿಗಿ ದಾರ ನಾನ ಏರಸ್ತೀನಿ. ನನ್ನವ್ವನೂ ನಿನ್ನಂಗ ಬಿಡು ಬಿಡು ಅಂದಳು. ಹನ್ನೊಂದ ವರ್ಷದಾಕಿ ಇದ್ದೆ, ಹದಿನೈದ ದಿನ ಗಂಜಿ ಸೈತ ನುಂಗಲಿಲ್ಲ. ಆ ಬ್ಯಾನಿ ಈ ಕೂಸಿಗಿ ಬ್ಯಾಡ.”

ರುಚಿತಾ ಉಗುಳು ನುಂಗಲು ಹೋಗಿ ನರಳಿದಳು. ಅದನ್ನು ಕೇಳಿ ಅಜ್ಜಿಯ ಕೈ ತಾನಾಗಿ ಸಡಿಲಾಯಿತು.

ಜಗದೇವಿ ಹುಡುಗಿಯನ್ನು ಹೆಗಲಿಗೆ ಹಾಕಿಕೊಂಡು ಹೊರಬಿದ್ದಳು. ಹುಡುಗಿಯ ತಾಯಿ ಕಮಲಾಬಾಯಿ ನಾಲ್ಕನೆಯ ಮಹಡಿಯಲ್ಲಿ ಸ್ಲ್ಯಾಬ್ ಹಾಕುವ ಕೆಲಸದಲ್ಲಿದ್ದಳು. ಯಂತ್ರದ ಗದ್ದಲದಲ್ಲಿ ಕೂಗಿದ್ದು ಕೇಳಲಿಲ್ಲ. ಜಗದೇವಿ ತಲೆಯ ಸೆರಗು ಬಿಚ್ಚಿ ಬೀಸಿದಳು. ಮೇಲಿನಿಂದ ಯಾರೋ ಕಂಡರು, ಯಂತ್ರ ನಿಂತಿತು.

“ಕಮಲವ್ವಾ, ಕೂಸಿನ್ನ ದವಾಖಾನಿಗೆ ಒಯ್ತೀನಿ. ಹೂಂ ಅನ್ನು.”

ಕಮಲಾಬಾಯಿ ಅಂಚಿಗೆ ಬಂದು ಮಗಳ ಮುಖ ನೋಡಿದಳು. “ಒಯ್ಯಿ ಅಕ್ಕಾ. ನಾ ಹಿಂದಿಂದ ಬಂದೆ,” ಎಂದವಳೇ ಕೈಗವಸು ಕಳಚಿ ಮೆಟ್ಟಿಲ ಕಡೆ ಓಡಿದಳು.

ಶಾಲೆಯ ಗೇಟಿಗೆ ಬರುವಾಗ ವ್ಯಾನಿನ ಇಂಜಿನ್ ಚಾಲೂ ಆಗಿತ್ತು. ಪ್ರಿಯಂವದಾಬಾಯಿ ಅದರ ಎದುರಿಗೇ ನಿಂತುಬಿಟ್ಟಿದ್ದರು, ಹೋಗಲು ಬಿಟ್ಟಿರಲಿಲ್ಲ. ಮೃಣಾಲಿನಿ ಕೆಳಗಿಳಿದು ಹುಡುಗಿಯ ದವಡೆಯ ಕೆಳಗೆ ಎರಡು ಬೆರಳಿಟ್ಟು ನೋಡಿದಳು, ಬಾಯಿ ಎಷ್ಟು ತೆರೆಯುತ್ತದೆ ನೋಡಿದಳು, ಉಸಿರಾಟ ಗಮನಿಸಿದಳು.

“ಸೋಮವಾರದವರೆಗೆ ಕಾಯುವಂತಿಲ್ಲ. ಕೀವು ಕುತ್ತಿಗೆಗೆ ಇಳಿಯುತ್ತಿದೆ. ಹತ್ತಿ, ಎಲ್ಲರೂ ಹತ್ತಿ,” ಎಂದಳು.

ಏದುಸಿರು ಬಿಡುತ್ತ ಬಂದ ಗುಂಡವ್ವನೂ ಹತ್ತಿದಳು. ದಾರಿಯುದ್ದಕ್ಕೂ ಡಾಕ್ಟರು ಫೋನಿನಲ್ಲಿ ಹಾಸಿಗೆ ಸಿದ್ಧಮಾಡಿಸುತ್ತಿದ್ದರು, ಜಗದೇವಿ ಅದನ್ನು ಅಜ್ಜಿಗೆ ಕನ್ನಡದಲ್ಲಿ ಹೇಳುತ್ತಿದ್ದಳು. ಕಾಲೇಜು ಮುಟ್ಟಿದ ಹತ್ತು ನಿಮಿಷಕ್ಕೆ ಕಮಲಾಬಾಯಿಯೂ ಶಾಲೆಯಲ್ಲಿ ಕೇಳಿಕೊಂಡು ರಿಕ್ಷಾದಲ್ಲಿ ಬಂದಿಳಿದಳು, ಸೀರೆಯೆಲ್ಲ ಸಿಮೆಂಟು. ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟೊತ್ತಿದಳು. ಕೀವು ತೆಗೆದರು, ಹಲ್ಲೂ ತೆಗೆದರು, ಸಲೈನಿನಲ್ಲಿ ಔಷಧಿ ಬಿಟ್ಟರು. ಸಂಜೆ ಆರರ ಸುಮಾರಿಗೆ ಮೃಣಾಲಿನಿ ಹೊರಗೆ ಬಂದು ಮಾಸ್ಕ್ ಕೆಳಗೆ ಎಳೆದಳು. “ಜ್ವರ ಇಳಿಯುತ್ತಿದೆ. ನಾಳೆಯವರೆಗೆ ಬಿಟ್ಟಿದ್ದರೆ ಉಸಿರಾಟಕ್ಕೇ ತೊಂದರೆಯಾಗುತ್ತಿತ್ತು.”

ಜಗದೇವಿ ಇದನ್ನು ಕನ್ನಡಕ್ಕೆ ತಿರುಗಿಸಿ ಹೇಳಿದಳು. ಗುಂಡವ್ವ ಎದ್ದು ಬಂದು ಅವಳ ಎರಡೂ ಕೈ ಹಿಡಿದುಕೊಂಡಳು. ಮೂರನೆಯ ದಿನ ಬೆಳಿಗ್ಗೆ ರುಚಿತಾ ಹಾಸಿಗೆಯ ಮೇಲೆ ಕೂತು ಎರಡು ಬಟ್ಟಲು ರವೆಗಂಜಿ ಕುಡಿದು ಮೂರನೆಯದಕ್ಕೆ ಕೈಚಾಚಿದಳಂತೆ.

ಮುಂದಿನ ಸೋಮವಾರ ಉಳಿದ ಹತ್ತೊಂಬತ್ತು ಮಕ್ಕಳನ್ನು ಜಗದೇವಿಯೇ ಕರೆದುಕೊಂಡು ಹೋದಳು. ಕೆಲವರ ಕುಳಿ ತುಂಬಿದರು, ಕೆಲವರಿಗೆ ಹುಳುಕು ತಡೆಯುವ ಔಷಧಿ ಸವರಿದರು. ಅಲ್ಲಿ ಡಾಕ್ಟರು ಹೇಳಿದ ಒಂದು ಮಾತು ಅವಳ ತಲೆಯಲ್ಲಿ ಕೂತುಬಿಟ್ಟಿತು. ಆರನೆಯ ವರ್ಷಕ್ಕೆ ಹಲ್ಲಿನ ಸಾಲಿನ ಕೊನೆಯಲ್ಲಿ ಹುಟ್ಟುವ ದವಡೆ ಹಲ್ಲು ಹಾಲುಹಲ್ಲಲ್ಲ, ಅದು ಹೋದರೆ ಮತ್ತೆ ಬರುವುದಿಲ್ಲ. ಅದನ್ನು ಅವಳು ನೀರಿನ ಟ್ಯಾಂಕರಿನ ಸರದಿಯಲ್ಲಿ ನಿಂತ ಪ್ರತಿ ತಾಯಿಗೂ ಹೇಳಿದಳು. ಒಲ್ಲೆ ಎಂದವರ ಮಕ್ಕಳ ಬಾಯನ್ನು ಅಲ್ಲೇ ತೆರೆಸಿ ಆ ಹಲ್ಲನ್ನು ತೋರಿಸಿದಳು.

ಇಷ್ಟರಿಂದ ಒಂದು ಸಂಗತಿ ನಡೆಯಿತು. ಫೆಬ್ರುವರಿಯ ಕೊನೆಯ ಭಾನುವಾರ ಮೃಣಾಲಿನಿ ವ್ಯಾನನ್ನು ನೇರವಾಗಿ ಕಟ್ಟಡದ ಶೆಡ್ಡುಗಳ ಹತ್ತಿರವೇ ತಂದಳು, ಶಾಲೆಗೆ ಹೆಸರು ಹಚ್ಚದ ಮಕ್ಕಳೂ ಸಿಗಲಿ ಎಂದು. ಎಂಟು ಗಂಟೆಗೇ ಅರವತ್ತಕ್ಕೂ ಹೆಚ್ಚು ಮಕ್ಕಳು ಸಾಲುಗಟ್ಟಿದ್ದರು. ತಲೆಗೆ ಎಣ್ಣೆ ಹಚ್ಚಿ, ಹಬ್ಬದ ಬಟ್ಟೆ ಹಾಕಿಸಿ ಕರೆತಂದಿದ್ದರು ತಾಯಂದಿರು. ಸಾಲಿನ ಮುಂದೆ ನಿಂತ ಜಗದೇವಿ, ಟ್ಯಾಂಕರಿನ ಸರದಿಯಲ್ಲಿ ತಾಯಂದಿರಿಂದ ಕಲಿತಿದ್ದ ಹೆಸರುಗಳಿಂದ, ಒಬ್ಬೊಬ್ಬರನ್ನೇ ಕೂಗತೊಡಗಿದಳು. ಕೂಗಿ ಕೂಗಿ ಹತ್ತು ಗಂಟೆಗೆ ಅವಳ ದನಿ ಒಡೆದಿತ್ತು. ಶ್ರೀಮಂತ ನೀರಿನ ತಂಬಿಗೆ ತಂದುಕೊಟ್ಟರೆ, “ಅಲ್ಲಿಡ್ರಿ, ಆಮ್ಯಾಲೆ ಕುಡೀತೀನಿ,” ಎಂದು ಮುಂದಿನ ಹೆಸರು ಕೂಗಿದಳು.