ಪೆನ್ಸಿಲಿನ ಹಾಜರಿ

ಶಾಲೆಯ ಕಪಾಟು ಖಾಲಿ ಮಾಡುವಾಗ ಹಳೆಯ ಹಾಜರಿ ಪುಸ್ತಕವೊಂದು ಕೈಗೆ ಬಂತು. ಬಿಡಿಸಿದರೆ ನುಸಿಗುಳಿಗೆಯ ವಾಸನೆ, ಮೂಲೆಯಲ್ಲಿ ಗೆದ್ದಲು ತಿಂದ ಗುರುತು. ಒಂದು ಸಾಲಿನಲ್ಲಿ ಮಾತ್ರ ಕಾಗದ ತೀರ ತೆಳ್ಳಗಾಗಿ, ಹಿಂದಿನ ಪುಟದ ಅಕ್ಷರ ಕಾಣುತ್ತಿತ್ತು. ರಬ್ಬರು ಹಾಕಿ ಉಜ್ಜಿದ ಜಾಗ. ಉಜ್ಜಿದವಳು ನಾನೇ. ಉಜ್ಜಲು ಹೇಳಿದವರು ನಮ್ಮ ಹೆಡ್‌ಮಾಷ್ಟ್ರು.

1997ರಲ್ಲಿ ಬ್ರಹ್ಮಾವರದಿಂದ ಮೊದಲ ನೌಕರಿಗೆಂದು ನಾನು ಈ ಶಾಲೆಗೆ ಬಂದೆ. ಶಿರೂರಿಗಿಂತ ಈಚೆ, ಹೆದ್ದಾರಿಗೂ ಕಡಲಿಗೂ ನಡುವಿನ ಸರಕಾರಿ ಶಾಲೆ, ಏಳನೇ ತರಗತಿಯವರೆಗೆ. ಹೆದ್ದಾರಿಯ ಮೇಲ್ಬದಿಯಿಂದ ಗದ್ದೆ, ಅಂಗಡಿ ಇದ್ದವರ ಮಕ್ಕಳು ಬರುತ್ತಿದ್ದರು. ಕೆಳಬದಿಯಿಂದ ಮೀನುಗಾರರ ಮಕ್ಕಳು. ಮೇಲ್ಬದಿಯವರದು ಮುಂದಿನ ಬೆಂಚು, ಕೆಳಬದಿಯವರದು ಹಿಂದಿನದು. ಯಾರೂ ಹೇಳಿ ಕೂರಿಸಿದ್ದಲ್ಲ, ಹಾಗೇ ಆಗಿಹೋಗಿತ್ತು. ದಡದಲ್ಲಿ ಕೈರಂಪಣಿ ಬಲೆ ಎಳೆಯುವ ದಿನ ಹಿಂದಿನ ಬೆಂಚುಗಳೆಲ್ಲ ಖಾಲಿ. ಕೇರಿಗೆ ಕೇರಿಯೇ ಬಲೆಯ ಹಗ್ಗ ಹಿಡಿದಿರುವಾಗ ಮಕ್ಕಳು ಭಾಗಾಕಾರ ಮಾಡುತ್ತ ಕೂರುತ್ತವೆಯೇ!

ಹೆಡ್‌ಮಾಷ್ಟ್ರು ಸಣಕಲು ಆಸಾಮಿ. ಕಂಕುಳಲ್ಲಿ ಕೊಡೆ, ಕಿಸೆಯಲ್ಲಿ ಸೀಮೆಸುಣ್ಣದ ತುಂಡು. ಹೆಂಚು ಜಾರಿದರೆ ಪಂಚೆ ಎತ್ತಿಕಟ್ಟಿ ತಾವೇ ಮಾಡು ಹತ್ತುತ್ತಿದ್ದರು. ಅವರದೊಂದು ಕ್ರಮವಿತ್ತು. ಕೆಳಬದಿಯ ಮಕ್ಕಳ ಹಾಜರಿಯನ್ನು ಮೊದಲು ಪೆನ್ಸಿಲಿನಲ್ಲಿ ಹಾಕಬೇಕು. ಅವರು ನೋಡಿ ಹೂಂ ಎಂದ ಮೇಲೆ ಪೆನ್ನು. ಮಕ್ಕಳು ಕಡಿಮೆಯಾದರೆ ಒಬ್ಬ ಮಾಷ್ಟ್ರ ಹುದ್ದೆ ಹೋಗುತ್ತಿತ್ತು, ಆದ್ದರಿಂದ ಬಾರದ ದಿನವೂ ಬಂದ ಹಾಗೆ. ಇದು ಮಕ್ಕಳಿಗೆ ಮಾಡುವ ಉಪಕಾರ ಎಂದೇ ನಾನು ತಿಳಿದಿದ್ದೆ. ಏಳನೆಯ ತರಗತಿಯ ಕೆಲವು ಸಾಲುಗಳನ್ನು ಅವರು ವರ್ಷವಿಡೀ ಪೆನ್ಸಿಲಿನಲ್ಲೇ ಏಕೆ ಉಳಿಸುತ್ತಾರೆಂದು ಕೇಳುವ ಬುದ್ಧಿ ಬರಲಿಲ್ಲ...

ಆ ವರ್ಷ ಏಳನೆಯ ತರಗತಿಯಲ್ಲಿ ಕೆಳಬದಿಯ ಒಬ್ಬಳು ಹುಡುಗಿ ಇದ್ದಳು, ಕೊನೆಯ ಬೆಂಚಿನ ಕಿಟಕಿ ಹತ್ತಿರ. ಇಂಗ್ಲಿಷ್ ಅಂದರೆ ತಡವರಿಕೆ, ಲೆಕ್ಕದಲ್ಲಿ ಅಷ್ಟಕ್ಕಷ್ಟೆ. ಆದರೆ ಎಂಟನೆಯ ತರಗತಿಗೆ ಬೈಂದೂರಿನ ಹೈಸ್ಕೂಲಿಗೆ ಹೋಗುವುದೆಂದು ಆಗಲೇ ತೀರ್ಮಾನಿಸಿಬಿಟ್ಟಿದ್ದಳು. ಯಾವ ಬಸ್ಸಿಗೆ ಹೋಗುವುದೆಂದೂ ಗೊತ್ತು. ಮೇಲ್ಬದಿಯ ಗೆಳತಿಯ ಅಕ್ಕನ ಹಳೆಯ ಹೈಸ್ಕೂಲ್ ಲಂಗ ತಂದು, ಸೊಂಟ ಹಿಡಿಸಿ, ಒಮ್ಮೆ ನನಗೆ ತೋರಿಸಿದ್ದಳು.

ಆಗ ಏಳಕ್ಕೆ ಪಬ್ಲಿಕ್ ಪರೀಕ್ಷೆ. ನಮ್ಮ ಶಾಲೆಯಲ್ಲಿ ಹಿಂದಿನ ಎರಡು ವರ್ಷ ಪರೀಕ್ಷೆಗೆ ಕೂತವರೆಲ್ಲ ಪಾಸು. ಇನ್ನೊಂದು ಸಲ ಹಾಗಾದರೆ ಇಲ್ಲೇ ಎಂಟನೆಯ ತರಗತಿ ಕೊಡುತ್ತಾರೆಂದು ಯಾರೋ ಹೆಡ್‌ಮಾಷ್ಟ್ರ ಕಿವಿಗೆ ಹಾಕಿದ್ದರು. ಮನೆಯವರು ಬೈಂದೂರಿಗೆ ಕಳಿಸದೆ ಮನೆಯಲ್ಲೇ ಉಳಿಯುವ ಹೆಣ್ಣುಮಕ್ಕಳದೇ ಅವರಿಗೆ ಚಿಂತೆ. ಪರೀಕ್ಷೆಗೆ ಹೆಸರು ಕಳಿಸುವ ದಿನ ಪಟ್ಟಿಯ ಮೇಲೆ ಬೆರಳಾಡಿಸುತ್ತ ಆ ಹುಡುಗಿಯ ಹೆಸರಿಗೆ ನಿಂತರು.

"ಇದ್ ಪಾಸ್ ಆಪುದ್ ಕಷ್ಟ. ಹಾಜ್ರಿ ಸಾಲ್ತಿಲ್ಲೆ ಅಂದ್ ಮಾಡಿ ಟೀಚರೆ. ಒಂದ್ ವರ್ಷ ಹೋದ್ರೆ ಎಂತ ಆತ್ತ್? ಬಪ್ಪ್ ವರ್ಷ ಬರೀಲಿ."

ನಾನು ಉಜ್ಜಿದೆ. 'ಹಾ' ಇದ್ದಲ್ಲೆಲ್ಲ 'ಗೈ' ಬರೆದೆ, ಪೆನ್ನಿನಲ್ಲಿ. ಅವಳು ನನ್ನೆದುರೇ ಕೂತು ಪಾಠ ಕೇಳಿದ ದಿನಗಳಿಗೂ ಗೈರು ಬರೆದೆ.

ಎರಡು ದಿನ ಬಿಟ್ಟು ಅವಳ ತಾಯಿ ಬಂದಳು. ಮೀನು ಮಾರಿ ಖಾಲಿಯಾದ ಬುಟ್ಟಿಯನ್ನು ಜಗಲಿಯ ಕೆಳಗೇ ಇಟ್ಟು, ಒಳಗೆ ಬರಲು ಹಿಂಜರಿದು ಬಾಗಿಲಲ್ಲೇ ನಿಂತಳು.

"ನಮ್ ಹೆಣ್ಣಿಗೆ ಪರೀಕ್ಷಿ ಇಲ್ಲೆ ಅಂಬ್ರ್, ಹೌದಾ ಟೀಚರೆ? ಬಲೆ ಎಳೆವ ದಿನ ಬಿಟ್ರೆ ಅದ್ ದಿನಾ ಬತ್ತಿತ್ತಲ್ದಾ?"

ನಾನು ಹೆಡ್‌ಮಾಷ್ಟ್ರ ಮುಖ ನೋಡಿದೆ. ಅವರು ಪುಸ್ತಕವನ್ನು ಅವಳತ್ತ ತಿರುಗಿಸಿ ಗೈರುಗಳನ್ನು ತೋರಿಸಿದರು. ತಾಯಿಗೆ ಓದಲು ಬರುತ್ತಿರಲಿಲ್ಲ. ಬೆನ್ನ ಹಿಂದೆ ನಿಂತಿದ್ದ ಮಗಳಿಗೆ ಬರುತ್ತಿತ್ತು. ಪುಟವನ್ನೊಮ್ಮೆ ನೋಡಿ, ಆಮೇಲೆ ನನ್ನನ್ನು ನೋಡಿದಳು. ನಾನು ಪುಸ್ತಕವನ್ನು ನನ್ನತ್ತ ಎಳೆದು ಮುಚ್ಚಿದೆ.

ಆ ವರ್ಷವೂ ಕೂತವರೆಲ್ಲ ಪಾಸು. ಹೆಡ್‌ಮಾಷ್ಟ್ರು ಲಾಡು ತರಿಸಿದರು, ನಾನು ತಿಂದೆ. ಜೂನ್ ಬಂದರೂ ಹುಡುಗಿ ಬರಲಿಲ್ಲ. ಅವರು ಕೊಡೆ ಹಿಡಿದು ಮೂರು ಸಲ ಕೆಳಬದಿಗೆ ಹೋದರು. ಮೂರನೆಯ ಸಲ ಹೋದಾಗ, ಅವಳು ಮಂಗಳೂರು ಕಡೆ ಮೀನು ಕತ್ತರಿಸುವ ಶೆಡ್ಡಿಗೆ ಕೆಲಸಕ್ಕೆ ಹೋದಳೆಂದು ಮನೆಯವರು ಹೇಳಿದರಂತೆ. ಬಂದವರು ಜಗಲಿಯಲ್ಲಿ ಕೂತು ಚಪ್ಪಲಿಗೆ ಮೆತ್ತಿದ್ದ ಕಡಲ ಹೊಯಿಗೆ ಕೊಡವಿದರು. ಕೊಡವುತ್ತಲೇ ಇದ್ದರು...

"ನಾವ್ ಮಾಡಿದ್ದ್ ಸಮ ಆಯ್ಲಿಲ್ಲೆ ಟೀಚರೆ," ಅಂದರು.

ಮರುದಿನದಿಂದ ಮೇಜಿನ ಮೇಲೆ ಪೆನ್ಸಿಲ್ ಕಾಣಲಿಲ್ಲ. ಎಂಟನೆಯ ತರಗತಿಯೂ ಬರಲಿಲ್ಲ. ಅವರು ನಿವೃತ್ತರಾಗಿ ಬಿಜೂರಿನ ಮನೆ ಸೇರಿ, ಕೆಲವು ವರ್ಷಗಳಲ್ಲಿ ತೀರಿಕೊಂಡರು. ಅವರ ಮೇಲೆ ನನಗೆ ಸಿಟ್ಟಿದೆ. ಅವರಷ್ಟು ಈ ಶಾಲೆಯನ್ನು ಹಚ್ಚಿಕೊಂಡವರನ್ನು ನಾನು ಕಂಡಿಲ್ಲ ಎಂಬುದೂ ನಿಜ.

ನಾನು ಎಲ್ಲೆಲ್ಲೋ ಸುತ್ತಿ ಮತ್ತೆ ಇಲ್ಲಿಗೇ ವರ್ಗವಾಗಿ ಬರುವಷ್ಟರಲ್ಲಿ ಮೇಲ್ಬದಿಯ ಮಕ್ಕಳನ್ನು ಇಂಗ್ಲಿಷ್ ಮೀಡಿಯಮ್ಮಿನ ವ್ಯಾನುಗಳು ಒಯ್ದಿದ್ದವು. ಉಳಿದವರು ಕೆಳಬದಿಯ ಮಕ್ಕಳು, ಘಟ್ಟದ ಮೇಲಿಂದ ಕೂಲಿಗೆ ಬಂದವರ ಮಕ್ಕಳು. ಒಂದು ಜೂನಿನಲ್ಲಿ ಒಬ್ಬ ಹೆಂಗಸು ಮಗಳನ್ನು ಒಂದನೆಯ ತರಗತಿಗೆ ಸೇರಿಸಲು ಬಂದಳು. ಬೆರಳ ತುಂಬ ಕತ್ತಿಯ ಗಾಯದ ಕಲೆ. ನನಗೆ ಗುರುತು ಹತ್ತಲಿಲ್ಲ, ಅವಳಿಗೆ ಹತ್ತಿತು.

"ನಮ್ ಹೆಣ್ಣಿನ್ ಹಾಜ್ರಿ ಪೆನ್ನಂಗೇ ಹಾಕಿ ಟೀಚರೆ," ಅಂದಳು. ಸಿಟ್ಟಿಲ್ಲ, ನಗುವಿಲ್ಲ.

ಹಾಕಿದೆ, ಒಂದು ದಿನವೂ ತಪ್ಪದೆ. ಆದರೆ ಆ ಮಗು ನಾಲ್ಕನೆಯ ತರಗತಿ ಮುಗಿಸುವ ಹೊತ್ತಿಗೆ ಶಾಲೆಯೇ ಮುಚ್ಚುತ್ತಿದೆ, ಮಕ್ಕಳು ಸಾಲದೆಂದು. ನಾಳೆ ಈ ಪುಸ್ತಕಗಳನ್ನು ಒಯ್ಯಲು ಜೀಪು ಬರುತ್ತದೆ. ಹೆಡ್‌ಮಾಷ್ಟ್ರು ಇದ್ದಿದ್ದರೆ ಕೊಡೆ ಹಿಡಿದು ಮನೆಮನೆಗೆ ಹೊರಡುತ್ತಿದ್ದರೇನೋ...

ಕಪಾಟಿನ ಮುಂದೆ ಕೂತು ಆ ತೆಳ್ಳಗಿನ ಸಾಲನ್ನು ಮತ್ತೆ ನೋಡಿದೆ. ಚೀಲದಿಂದ ಪೆನ್ನು ತೆಗೆದು, ಒಂದು 'ಗೈ' ಹೊಡೆದುಹಾಕಿ 'ಹಾ' ಬರೆಯಲು ಹೋದೆ. ಕಾಗದ ಹರಿಯಿತು.