ನರ್ಸಮ್ಮನ ಸೈಕಲ್ಲೂ ಗಿರಣಿ ಮಂಚಯ್ಯನವರ ಮಾತೂ

ಆಸ್ತಿಕ ಬಂಧುಗಳೇ, ಒಂದು ಗಳಿಗೆ ಕೈಯ ಕೆಲಸವನ್ನು ಬದಿಗಿಟ್ಟು ಇತ್ತ ಕಿವಿಗೊಡಿ. ನಾನು ಹೇಳಹೊರಟಿರುವುದು ಋಷಿಗಳ ಕಥೆಯಲ್ಲ, ಅರಸರ ಕಥೆಯೂ ಅಲ್ಲ. ಹೊಳೆನರಸೀಪುರದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ, ಹುಬ್ಬಿನ ಕೂದಲಿಗೂ ಸದಾ ರಾಗಿ ಹಿಟ್ಟು ಮೆತ್ತಿಕೊಂಡಿರುತ್ತಿದ್ದ ಮಂಚಯ್ಯನವರ ಕಥೆ. ಸತ್ಯವೇ ಪರಬ್ರಹ್ಮವೆಂದು ನಾನು ಈ ಸೀಮೆಯ ಎಷ್ಟೋ ದೇವಸ್ಥಾನಗಳ ಜಗಲಿಯ ಮೇಲೆ ಕುಳಿತು ಹೇಳಿದ್ದೇನೆ; ಜನ ತಲೆದೂಗಿ, ಪ್ರಸಾದ ತೆಗೆದುಕೊಂಡು ಮನೆಗೆ ಹೋಗಿದ್ದಾರೆ. ಆ ಮಾತನ್ನು ನಡೆದು ತೋರಿಸಿದ ಒಬ್ಬರ ನೆರೆಯಲ್ಲಿ ನಾನೂ ಬದುಕಿದೆನೆಂಬುದು ನನ್ನ ಹೆಮ್ಮೆ.

ಮಂಚಯ್ಯನವರು ಹುಟ್ಟಿದ್ದು ಕಟ್ಟಾಯದ ಒಕ್ಕಲು ಮನೆಯಲ್ಲಿ. ಮದುವೆಯಾದ ಮೇಲೆ ಹೊಳೆನರಸೀಪುರಕ್ಕೆ ಬಂದು ಗಿರಣಿ ಹಾಕಿದರು. ಗಿರಣಿ ಹೊಟ್ಟೆಪಾಡಿಗೆ, ಪ್ರಾಣವೆಲ್ಲ ಹಿಂದಿನ ಕೋಣೆಯಲ್ಲಿತ್ತು. ಅಲ್ಲಿ ಹಳೆಯ ಕಾಲದ ಸೈಕಲ್ಲುಗಳು ಗೋಡೆಗೆ ಒರಗಿ ನಿಂತಿರುತ್ತಿದ್ದವು. ಹಾಸನದಲ್ಲಿ ಸಿಕ್ಕ ಒಂದು ಹ್ಯಾಂಡಲ್, ಅರಕಲಗೂಡಿನ ಗುಜರಿಯಲ್ಲಿ ಸಿಕ್ಕ ಒಂದು ಫೋರ್ಕು, ಯಾರದೋ ಕೊಟ್ಟಿಗೆಯ ಅಟ್ಟದಿಂದ ಇಳಿಸಿದ ಚರ್ಮದ ಸೀಟು, ಹೀಗೆ ಒಂಬತ್ತು ವರ್ಷ ಕೂಡಿಸಿ ಅವರು ತಮ್ಮದೇ ಒಂದು ವಿಲಾಯಿತಿ ಸೈಕಲ್ಲನ್ನು ಕಟ್ಟಿದ್ದರು. ಅವರ ಕೈಯಲ್ಲಿ ಬೆಂಡು ತೆಗೆಸಿಕೊಂಡ ಚಕ್ರ ತಿರುಗುವುದನ್ನು ನೋಡಬೇಕಿತ್ತು. ರಿಮ್ಮಿಗೂ ಬ್ರೇಕಿನ ರಬ್ಬರಿಗೂ ನಡುವೆ ಬೆಂಕಿಕಡ್ಡಿಯಷ್ಟು ಸಂದು. ಸುತ್ತು ಹೊಡೆದು ಬಂದರೂ ಆ ಸಂದು ಕೂದಲಷ್ಟೂ ಹೆಚ್ಚದು, ಕೂದಲಷ್ಟೂ ಕುಂದದು.

ಇಂಥ ಹುಚ್ಚು ಇವರೊಬ್ಬರಿಗೇ ಇರಲಿಲ್ಲ. ತೊಂಬತ್ತರ ದಶಕದ ನಡುವಿನಿಂದ ಹಾಸನ, ಅರಕಲಗೂಡು, ಹೊಳೆನರಸೀಪುರಗಳ ಹನ್ನೆರಡು ಹದಿನೈದು ಜನ ತಿಂಗಳ ಕೊನೆಯ ಭಾನುವಾರ ಚನ್ನರಾಯಪಟ್ಟಣದಲ್ಲಿ ಸೇರುತ್ತಿದ್ದರು. ಭಾನುವಾರ ತೆಂಗಿನಕಾಯಿ ಮಂಡಿ ಮುಚ್ಚಿರುತ್ತದೆ. ಅದರ ಜಗಲಿಯೇ ಇವರ ಸಭೆ. ಗೋಣಿಚೀಲ ಹಾಸಿ ಬೆಲ್ಲು, ಪೆಡಲು, ಡೈನಮೊ, ಚೈನ್ ಕವರು ಎಲ್ಲವನ್ನೂ ಹರಡುವರು. ಅದಕ್ಕೆ ಇದು, ಇದಕ್ಕೆ ಅದು ಎಂದು ಬದಲು ಮಾಡಿಕೊಳ್ಳುವರು. ಅಲ್ಲೊಂದು ಕಟ್ಟಳೆ ಇತ್ತು: ಕೈ ಬಿಟ್ಟ ಮೇಲೆ ಮಾತಿಲ್ಲ. ಸಾಮಾನಿನಲ್ಲಿ ಕುಂದಿದ್ದರೆ ತೆಗೆದುಕೊಳ್ಳುವವನು ಕಂಡುಹಿಡಿಯಬೇಕು, ಕೊಡುವವನು ಹೇಳಬೇಕಾಗಿಲ್ಲ. ಮಾಡಿಕೊಟ್ಟ ರಿಪೇರಿಗೂ ಇದೇ ನಿಯಮ. ಮೋಸಹೋದವನು ನಗುತ್ತಾ ಮನೆಗೆ ಹೋಗಬೇಕು. ಹಾಸನದಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಮೋಹನ್‌ಕುಮಾರ್ ಈ ಆಟದಲ್ಲಿ ಗಟ್ಟಿಗ. ಹೊಳೆನರಸೀಪುರದ ಸಂಸ್ಕೃತ ಮೇಷ್ಟ್ರು ತಿರುನಾರಾಯಣರು ಪ್ರತಿ ಬಾರಿಯೂ ಅವನಿಂದ ಮೋಸಹೋಗುವವರು.

“ಮೇಷ್ಟ್ರೇ, ಈ ಫ್ರೀವೀಲು ನೋಡಿ, ಬೆಣ್ಣೆ ಬೆಣ್ಣೆ!” ಎನ್ನುವನು.

“ಹೋದ ಸಲ ಕೊಟ್ಟ ಬೆಲ್ಲೂ ಬೆಣ್ಣೆಯೇ ಆಗಿತ್ತಪ್ಪಾ, ಶಬ್ದವೇ ಬರಲಿಲ್ಲ,” ಎನ್ನುತ್ತಲೇ ಮೇಷ್ಟ್ರು ಅದನ್ನು ಚೀಲಕ್ಕೆ ಹಾಕಿಕೊಳ್ಳುವರು.

ಎರಡು ಸಾವಿರದ ಎರಡನೆಯ ಇಸವಿಯ ನವೆಂಬರಿನಲ್ಲಿ ಈ ಜಗಲಿಗೆ ಕಾಮಾಕ್ಷಮ್ಮನವರು ಬಂದರು. ಅರವತ್ತೈದು ದಾಟಿದ ಹೆಂಗಸು. ಬಾಗೂರಿನ ಸುತ್ತ ಸೂಲಗಿತ್ತಿ ನರ್ಸಾಗಿ ಮೂವತ್ತು ವರ್ಷ ದುಡಿದು ನಿವೃತ್ತರಾಗಿ ಚನ್ನರಾಯಪಟ್ಟಣದಲ್ಲಿ ನೆಲೆಸಿದವರು. ಅವರ ಹಿಂದೆ ಎತ್ತಿನಗಾಡಿಯಲ್ಲಿ ಒಂದು ಹೆಂಗಸರ ಸೈಕಲ್ಲು ಬಂತು. ಸಕಲೇಶಪುರದ ಎಸ್ಟೇಟಿನ ಇಂಗ್ಲಿಷ್ ದೊರೆಸಾನಿ ಊರು ಬಿಡುವಾಗ ಕೊಟ್ಟುಹೋದದ್ದಂತೆ. ಹಂಸದ ಕೊರಳಿನಂತೆ ಬಾಗಿದ ಕಪ್ಪು ಫ್ರೇಮು, ಅದರ ಮೇಲೆ ಚಿನ್ನದ ಬಣ್ಣದ ಸಣ್ಣ ಗೆರೆಗಳು. ಜಗಲಿಯಲ್ಲಿದ್ದವರೆಲ್ಲ ಎದ್ದು ನಿಂತರು. ಇಂಥದ್ದು ನಾಲ್ಕು ತಾಲ್ಲೂಕಿನಲ್ಲಿ ಮತ್ತೊಂದಿಲ್ಲ.

“ಅರವತ್ತೊಂದನೇ ಇಸವೀಲಿ ಇದರ ಮೇಲೆ ಬಾಗೂರಿಗೆ ಹೋದೆ. ಹೆಂಗಸು ಸೈಕಲ್ ತುಳೀತಾಳೆ ಅಂತ ನಾಯಿಗಿಂತ ಮುಂಚೆ ಜನ ಅಟ್ಟಿಸ್ಕೊಂಡು ಬಂದ್ರು,” ಎಂದರು ಕಾಮಾಕ್ಷಮ್ಮ. “ಆಮೇಲೆ ಅವರ ಮನೇಲೆಲ್ಲ ಮಕ್ಕಳನ್ನ ಎತ್ಕೊಟ್ಟಿದ್ದು ನಾನೇ. ಈಗ ಅಲ್ಲಿ ಹೊಸ ಆರೋಗ್ಯ ಕೇಂದ್ರದ ಬಾಗಿಲು ತೆಗೀತಾರೆ, ಸಂಕ್ರಾಂತಿ ಆದ ಭಾನುವಾರ. ನನ್ನನ್ನೇ ಕರೆದಿದ್ದಾರೆ. ಕಾರು ಕಳಿಸ್ತೀವಿ ಅಂದ್ರು. ಊರಿಗೆ ಮೂರು ಮೈಲಿ ಇರೋವಾಗ ಇಳಿದು ನನ್ನ ಸೈಕಲ್ ಮೇಲೇ ಬರ್ತೀನಿ ಅಂತ ಮಾತು ಕೊಟ್ಟುಬಿಟ್ಟಿದ್ದೀನಿ. ಯಾರಪ್ಪ ರೆಡಿ ಮಾಡ್ತೀರಿ?”

ಎಲ್ಲರ ಕಣ್ಣೂ ಮಂಚಯ್ಯನವರ ಕಡೆಗೆ ಹೊರಳಿತು. “ನಂಗೆ ಬುಡಿ ನರ್ಸಮ್ಮ,” ಎಂದರು ಅವರು. ಆ ಎರಡು ಮಾತಿನಲ್ಲಿ ಸ್ವಲ್ಪ ಗರ್ವವೂ ಇತ್ತೆಂಬುದನ್ನು ಅವರೇ ಆಮೇಲೆ ನನ್ನ ಬಳಿ ಒಪ್ಪಿಕೊಂಡರು.

ಒಂದು ತಿಂಗಳು ಎಲ್ಲವೂ ಚೆನ್ನಾಗಿ ನಡೆಯಿತು. ಕಡ್ಡಿಗಳ ತುಕ್ಕು ಹೋಯಿತು, ಚಕ್ರದ ಬೆಂಡು ಹೋಯಿತು. ಉಳಿದದ್ದು ನಡುವಿನ ಕೊಳವೆ. ಎರಡು ಪೆಡಲುಗಳನ್ನೂ ಹೊತ್ತ ಆಕ್ಸಲ್ ಕೂರುವ ಜಾಗ. ಅದರ ಬಲಗಡೆಯ ಕಪ್ಪು, ಅಂದರೆ ಉಕ್ಕಿನ ಗುಂಡುಗಳು ಉರುಳುವ ಬಟ್ಟಲು, ಸವೆದು ಹಾಳಾಗಿತ್ತು. ಮಂಚಯ್ಯನವರು ಪೇಟೆಯಿಂದ ಹೊಸ ಕಪ್ಪು ತಂದು ತಿರುಗಿಸಿದರು. ಎರಡು ಸುತ್ತು ಸಲೀಸಾಗಿ ಹೋಗಿ ಬಿಗಿಯಿತು. ಹಳೆಯ ತುಕ್ಕಿರಬೇಕೆಂದು ಎಣ್ಣೆ ಬಿಟ್ಟರು. ಮತ್ತೆ ಬಿಗಿಯಿತು. ಆಗ ಸ್ಪ್ಯಾನರಿಗೆ ಉದ್ದನೆಯ ಪೈಪು ಸಿಕ್ಕಿಸಿ ಬಲವಾಗಿ ಒತ್ತಿದರು. ತಟ್ಟನೆ ಕೈಗೆ ಹಗುರವಾಯಿತು.

ಆ ಹಗುರ ಅವರ ಎದೆಯಲ್ಲಿ ಭಾರವಾಗಿ ಕುಳಿತಿತು. ಆ ಕಾಲದ ಕೆಲವು ವಿಲಾಯಿತಿ ಸೈಕಲ್ಲುಗಳ ಥ್ರೆಡ್ಡು, ಅಂದರೆ ತಿರುಪಿನ ಗೀರು, ಅಂಗುಲಕ್ಕೆ ಇಪ್ಪತ್ತಾರು ಸುತ್ತು. ನಮ್ಮ ಪೇಟೆಯ ಕಪ್ಪಿನದು ಇಪ್ಪತ್ತನಾಲ್ಕು. ಕಣ್ಣಿಗೆ ಎರಡೂ ಒಂದೇ. ಇದು ಗೊತ್ತಿಲ್ಲದವರಲ್ಲ ಮಂಚಯ್ಯನವರು, ಬೇರೆಯವರಿಗೆ ಹೇಳಿಕೊಟ್ಟವರು. ಆದರೆ ಆ ದಿನ ಅಳೆದು ನೋಡಲಿಲ್ಲ. ನನ್ನ ಕೈಯೇ ಅಳತೆ ಎಂದು ನಂಬಿದ್ದರು. ಹೊಸ ಕಪ್ಪು ನಲವತ್ತು ವರ್ಷದ ಥ್ರೆಡ್ಡನ್ನು ಅರೆದು ಹಾಕಿತ್ತು.

ಮುಚ್ಚಿಡಲು ದಾರಿ ಇತ್ತು. ಪೌಡರ್ ಡಬ್ಬಿಯ ತಗಡನ್ನು ಕತ್ತರಿಸಿ ಕಪ್ಪಿಗೆ ಸುತ್ತಿ ಗುದ್ದಿದರೆ ಒಂದೆರಡು ತಿಂಗಳು ನಿಲ್ಲುತ್ತದೆ. ಮೂರು ಮೈಲಿಗೆ ಧಾರಾಳವಾಗಿ ಸಾಕು. ಆಮೇಲೆ ಕಳಚಿದರೆ ಹಳೆಯ ಗಾಡಿ ಎನ್ನಬಹುದು. ಜಗಲಿಯ ಕಟ್ಟಳೆಯೂ ಅವರ ಪರವಾಗಿಯೇ ಇತ್ತು. ಮಂಚಯ್ಯನವರು ತಗಡನ್ನು ಕತ್ತರಿಸಿದ್ದೂ ಉಂಟು.

“ಮೂರ್ ದಿನದಿಂದ ಆ ತಗಡಿನ ಚೂರು ಇಡ್ಕೊಂಡು ಕೂತಿದೀರಲ್ಲ, ಅದ್ರಾಗೇನು ಜಾತಕ ಬರ್ದಿದ್ದಾರಾ?” ಎಂದರಂತೆ ಅವರ ಮಡದಿ ದೊಡ್ಡಮ್ಮ. “ರಾಗಿ ತಂದೋರು ಬಾಗ್ಲಲ್ಲಿ ನಿಂತವ್ರೆ.”

“ನರ್ಸಮ್ಮನ್ ಗಾಡಿ ಕೆಡಿಸ್ಬುಟ್ಟೆ ಕಣೆ.”

“ಕೆಡಿಸಿದ್ರೆ ಓಗಿ ಏಳಿ. ನಮ್ ಎರಡು ಮಕ್ಳು ಬಾಗೂರಲ್ಲಿ ನಮ್ಮವ್ವನ ಮನೇಲಿ ಉಟ್ದಾಗ ಆಯಮ್ಮ ನಿಮ್ ತರ ತಗಡು ಸುತ್ತಿ ಕೊಟ್ಟಿರ್ನಿಲ್ಲ.”

ಬಂಧುಗಳೇ, ಶಾಸ್ತ್ರ ಓದಿದ ನನಗೆ ಅಷ್ಟು ಚೊಕ್ಕವಾಗಿ ಹೇಳಲು ಬಂದೀತೇ?

ಡಿಸೆಂಬರಿನ ಕೊನೆಯ ಭಾನುವಾರ. ಜಗಲಿಯ ತುಂಬ ಜನ. ಕಾಮಾಕ್ಷಮ್ಮನವರೂ ಬಂದು ಕುಳಿತಿದ್ದರು. ಮಂಚಯ್ಯನವರು ಫ್ರೇಮನ್ನು ನಡುವೆ ಮಲಗಿಸಿ, ಕೊಳವೆಯ ಬಲಬದಿಯನ್ನು ಎಲ್ಲರಿಗೂ ಕಾಣುವಂತೆ ಮೇಲಕ್ಕೆ ತಿರುಗಿಸಿ, ನಡೆದದ್ದನ್ನು ನಡೆದಂತೆ ಹೇಳಿದರು. ಅಳೆಯಲಿಲ್ಲ, ಪೈಪು ಹಾಕಿ ಒತ್ತಿದೆ, ತಪ್ಪು ನನ್ನದು ಎಂದರು. ತಗಡಿನ ಮಾತನ್ನೂ ಬಿಡಲಿಲ್ಲ.

ಮೊದಲು ನಕ್ಕವನು ಮೋಹನ್‌ಕುಮಾರ್. “ಏನ್ ಮಂಚಣ್ಣ, ರಾಗಿ ಬೀಸೋ ಕೈಲಿ ಥ್ರೆಡ್ಡೂ ಬೀಸ್ಬುಟ್ರಾ?”

“ಊ ಕಣಪ್ಪ, ನುಣ್ಣಗೆ ಬೀಸಿವ್ನಿ,” ಎಂದರು ಮಂಚಯ್ಯ. ತಲೆ ತಗ್ಗಿಸಲಿಲ್ಲ.

ಕಾಮಾಕ್ಷಮ್ಮನವರು ಬಗ್ಗಿ ಬೆರಳು ಹಾಕಿ ಆ ಜಾಗವನ್ನು ಮುಟ್ಟಿ ನೋಡಿದರು. “ನೀನು ಹೇಳದೇ ಇದ್ದಿದ್ರೆ ನನ್ನ ಸೊಂಟದ ಮೂಳೆ ಹೇಳ್ತಿತ್ತು ಬಿಡು,” ಎಂದರು. “ಇನ್ನು ಮೂರು ವಾರ ಇದೆ. ಆಗುತ್ತೋ ಇಲ್ವೋ ಅಷ್ಟು ಹೇಳಪ್ಪ. ಆಗಲ್ಲ ಅಂದ್ರೆ ಕಾರಲ್ಲೇ ಹೋಗ್ತೀನಿ, ಬೇಜಾರಿಲ್ಲ.” ಆದರೆ ಬೇಜಾರು ಅವರ ಮುಖದ ಮೇಲೇ ಇತ್ತು.

ಆಗುವ ದಾರಿ ಒಂದೇ. ಕೊಳವೆಯನ್ನು ಒಳಗಿನಿಂದ ಸ್ವಲ್ಪ ಕೊರೆದು, ಹೊಸ ಥ್ರೆಡ್ಡಿನ ಉಕ್ಕಿನ ಬಳೆಯೊಂದನ್ನು ಕೂರಿಸಿ ಹಿತ್ತಾಳೆಯಲ್ಲಿ ಬೆಸೆಯಬೇಕು. ಬಲಬದಿಯ ಥ್ರೆಡ್ಡು ಎಡಕ್ಕೆ ತಿರುಗುವಂಥದ್ದು. ಅದನ್ನು ಕೊರೆಯಬಲ್ಲ ಲೇತು ಯಂತ್ರ ಹಾಸನದಲ್ಲಿ ಮೋಹನ್‌ಕುಮಾರನ ಸೋದರಮಾವನದು. ಸಂಕ್ರಾಂತಿಯ ಮುಂಚೆ ಅಲ್ಲಿ ಬಿಡುವೇ ಇರಲಿಲ್ಲ.

“ಮಾವನ್ ಕೈಕಾಲು ಹಿಡ್ದು ನಾನ್ ಮಾಡಿಸ್ತೀನಿ,” ಎಂದ ಮೋಹನ್‌ಕುಮಾರ್. “ಆದ್ರೆ ಅಣ್ಣ, ನಿಮ್ ಗಾಡೀಲಿರೋ ಡೈನಮೊ ಲ್ಯಾಂಪು ನಂಗೆ.”

ಆ ದೀಪಕ್ಕಾಗಿ ಅವನು ಐದು ವರ್ಷದಿಂದ ಹಿಂದೆ ಬಿದ್ದಿದ್ದ. ಮಂಚಯ್ಯನವರು ಎದ್ದು, ಜಗಲಿಗೆ ಒರಗಿಸಿದ್ದ ತಮ್ಮ ಸೈಕಲ್ಲಿನಿಂದ ದೀಪವನ್ನೂ ಡೈನಮೊವನ್ನೂ ಅಲ್ಲೇ ಬಿಚ್ಚಿದರು. ಕೊಡುವ ಮುನ್ನ ಕೈ ತಡೆದು ಹೇಳಿದರು: “ನೋಡಪ್ಪ, ಒಳಗಿನ ವೈರು ಕಂಪನೀದಲ್ಲ, ನಾನ್ ಆಕಿದ್ದು. ಗುಂಡಿ ಇಳಿಯೋವಾಗ ಒಂದೊಂದ್ಸಲ ಮಿಣುಕ್ತದೆ. ಆಮೇಲೆ ಏಳ್ನಿಲ್ಲ ಅನ್ಬೇಡ.”

ಮೋಹನ್‌ಕುಮಾರ್ ದೀಪವನ್ನು ಕೈಗೆ ತೆಗೆದುಕೊಂಡ. ಆ ಜಗಲಿಯ ಮೇಲೆ ಏಳೆಂಟು ವರ್ಷಗಳಲ್ಲಿ ಯಾರೂ ಅಂಥ ಮಾತಾಡಿರಲಿಲ್ಲ. ಒಮ್ಮೆ ದೀಪವನ್ನು ನೋಡಿದ, ಒಮ್ಮೆ ಆಚೆ ಕುಳಿತಿದ್ದ ತಿರುನಾರಾಯಣ ಮೇಷ್ಟ್ರನ್ನು ನೋಡಿದ.

“ಮೇಷ್ಟ್ರೇ, ಬೆಳಿಗ್ಗೆ ಕೊಟ್ಟ ಫ್ರೀವೀಲು ಇತ್ಲಾಗ್ ಕೊಡಿ.”

“ಯಾಕಪ್ಪ? ಬೆಣ್ಣೆ ಅಂದೆ!”

“ಎರಡು ಹಲ್ಲು ಸವೆದವೆ ಸಾ. ಬೇರೆ ಕೊಡ್ತೀನಿ.”

ಮೇಷ್ಟ್ರು ಚೀಲದಲ್ಲಿ ಕೈಯಾಡಿಸುತ್ತಾ, “ಹಾಗಾದರೆ ಆ ಹಳೆಯ ಬೆಲ್ಲಿನ ವಿಚಾರವನ್ನೂ ಈಗಲೇ ಎತ್ತಲೇನಯ್ಯ?” ಎಂದಾಗ ಇಡೀ ಜಗಲಿ ನಕ್ಕಿತು. ಕಾಮಾಕ್ಷಮ್ಮನವರಂತೂ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

ಮಂಚಯ್ಯನವರು ನಾಲ್ಕು ದಿನ ಗಿರಣಿಯನ್ನು ಮಡದಿಯ ಕೈಗೆ ಬಿಟ್ಟು, ಫ್ರೇಮನ್ನು ಬಸ್ಸಿನ ಮೇಲೆ ಕಟ್ಟಿಸಿಕೊಂಡು ಹಾಸನಕ್ಕೆ ಓಡಾಡಿದರು. ಈ ಬಾರಿ ಒಂದೊಂದು ಅಳತೆಯನ್ನೂ ಮೂರು ಮೂರು ಸಲ ತೆಗೆದರು. ಲೇತಿನ ಯಜಮಾನ “ಏನಣ್ಣ, ಹೆಣ್ಣು ನೋಡಕ್ ಬಂದೋರಂಗೆ ನೋಡ್ತೀರಲ್ಲ” ಎಂದು ಗೇಲಿ ಮಾಡಿದರೂ ಬಿಡಲಿಲ್ಲ. ಬಳೆ ಕೂತಿತು. ಬೆಸುಗೆಯ ಬೆಂಕಿಗೆ ಕೊಳವೆಯ ಸುತ್ತಲಿನ ಕಪ್ಪು ಬಣ್ಣವೂ ಚಿನ್ನದ ಗೆರೆಯೂ ಸುಟ್ಟವು. ಅಲ್ಲಿಗೆ ಹೊಸ ಬಣ್ಣ ಬಳಿಯಲು ಅವರು ಒಪ್ಪಲಿಲ್ಲ. ತುಕ್ಕು ಹಿಡಿಯದಿರಲೆಂದು ಎಣ್ಣೆ ಮಾತ್ರ ಸವರಿದರು.

ಆಮೇಲೆ ಮಾಡಿದ ಕೆಲಸವನ್ನು ಊರಿಗೆ ಊರೇ ಕಂಡಿತು. ನರ್ಸಮ್ಮನನ್ನು ಕೂರಿಸುವ ಮೊದಲು ತಾವೇ ತುಳಿದು ನೋಡಬೇಕೆಂದು, ಆ ದಪ್ಪ ಮೀಸೆಯ ಆರಡಿ ಆಳು ಹೆಂಗಸರ ಸೈಕಲ್ಲೇರಿ ಹೊಳೆನರಸೀಪುರದ ಪೇಟೆಬೀದಿಯಲ್ಲಿ ಹೊರಟರು. “ಮಂಚಣ್ಣ, ಸೀರೆ ಎಲ್ಲಿ?” ಎಂದು ಕೂಗಿದವರಿಗೆ ಲೆಕ್ಕವಿಲ್ಲ. “ಮಡಿಗೆ ಆಕಿವ್ನಿ, ಒಣಗ್ಲಿ ತಡೀರ್ಲಾ!” ಎಂದು ಉತ್ತರ ಕೊಡುತ್ತಾ, ಗುಂಡಿಗಳನ್ನು ತಪ್ಪಿಸದೆ ಬೇಕೆಂದೇ ಇಳಿಸುತ್ತಾ, ಚನ್ನರಾಯಪಟ್ಟಣದವರೆಗೂ ಅದನ್ನೇ ತುಳಿದುಕೊಂಡು ಹೋದರು.

ಸಂಕ್ರಾಂತಿ ಕಳೆದ ಭಾನುವಾರ ಬಾಗೂರಿಗೆ ಮೂರು ಮೈಲಿ ಇರುವಲ್ಲಿ ಕಾರು ನಿಂತಿತು. ನಾನೂ ಅಲ್ಲಿದ್ದೆ. ಮಂಚಯ್ಯನವರು ಸೈಕಲ್ಲನ್ನು ಕೈಗೆ ಕೊಡುವಾಗ, “ನರ್ಸಮ್ಮ, ಇದರ ಬಲಗಡೆ ಇನ್ಮೇಲೆ ವಿಲಾಯ್ತಿ ಅಲ್ಲ, ಆಸನದ ಲೇತಿಂದು. ಬೆಸುಗೆ ಗಟ್ಟಿಯಾಗೇ ಅದೆ, ಬಣ್ಣ ಸುಟ್ಟೋಯ್ತು. ಇನ್ನೇನೂ ಮುಚ್ಚಿಟ್ಟಿಲ್ಲ,” ಎಂದರು. ಆಕೆ ಸೆರಗು ಸಿಕ್ಕಿಸಿ ಏರಿದರು. ಮೊದಲ ಹತ್ತು ಮಾರು ಅತ್ತಿತ್ತ ವಾಲಿದರು. ಆಮೇಲೆ ನೇರವಾಗಿ, ಒಂದೇ ಸಮನೆ, ಕೊಳವೆಯಿಂದ ಒಂದು ಕಿರುಗುಟ್ಟುವ ಸದ್ದೂ ಇಲ್ಲದೆ ಹೋದರು.

ಊರ ಬಾಗಿಲಲ್ಲಿ ಮುತ್ತಿಕೊಂಡವರು ಆ ಕೈಯಲ್ಲೇ ಹುಟ್ಟಿದ ಗಂಡಸರು, ಹೆಂಗಸರು. ಯಾರೋ ಫ್ರೇಮಿನ ಸುಟ್ಟ ಕಲೆಯನ್ನು ತೋರಿಸಿ “ಇದೇನಮ್ಮ, ಇಷ್ಟ್ ಚೆಂದದ ಗಾಡಿಗೆ ಇಂಗೆ?” ಎಂದರು.

“ಹೆರಿಗೆ ಆದ ಮೇಲೆ ಮೈಮೇಲೆ ಗುರುತು ಇರಲ್ವೇನ್ರೋ? ಮುಚ್ಚಿಟ್ಕೊಳ್ಳೋದೇನಿದೆ!” ಎಂದು, ಹಿಂದೆ ನಿಂತಿದ್ದ ಮಂಚಯ್ಯನವರನ್ನು ಕೈಹಿಡಿದು ಮುಂದಕ್ಕೆಳೆದು, “ಮಾಡಿದ್ದು ಇವನು,” ಎಂದರು ಕಾಮಾಕ್ಷಮ್ಮ. ಕೆಡಿಸಿದ್ದೂ ಇವನೇ ಎಂದು ಅವರು ಸೇರಿಸಲಿಲ್ಲ, ಮಂಚಯ್ಯನವರೇ ಸೇರಿಸಿದರು.

ಮುಂದಿನ ತಿಂಗಳಿನಿಂದ ಚನ್ನರಾಯಪಟ್ಟಣದ ಜಗಲಿಯಲ್ಲಿ ಹಳೆಯ ಕಟ್ಟಳೆ ನಡೆಯಲಿಲ್ಲ. ಕೊಡುವವನು ಮೊದಲು ಕುಂದು ಹೇಳಬೇಕು, ಆಮೇಲೆ ಗುಣ. ಮಂಚಯ್ಯನವರು ಈಗಲೂ ಗಿರಣಿ ನಡೆಸುತ್ತಿದ್ದಾರೆ. ಅವರ ಸೈಕಲ್ಲಿಗೆ ಈಗಲೂ ದೀಪವಿಲ್ಲ. ಹುಡುಕುತ್ತಿದ್ದಾರೆ.

ಬಂಧುಗಳೇ, ನಿಮ್ಮ ಕೈಯಿಂದಲೂ ದಿನಬೆಳಗಾದರೆ ಏನಾದರೊಂದು ಇನ್ನೊಬ್ಬರ ಕೈ ಸೇರುತ್ತದೆ: ಮಾರಿದ ಹಸು, ಹೊಲಿದ ರವಿಕೆ, ಬರೆದುಕೊಟ್ಟ ಕಾಗದ, ಕಲಿಸಿದ ಪಾಠ. ಅದರ ಕುಂದು ನಿಮಗೊಬ್ಬರಿಗೇ ತಿಳಿದಿರುತ್ತದೆ. ನಾಳೆ ಅದನ್ನು ಕೊಡುವಾಗ ಕೈ ಬಿಡುವ ಮುನ್ನ ಒಂದು ಕ್ಷಣ ತಡೆದು, ನೀವೂ ಹೇಳಿಬಿಡಿ.